ಎದುರುಮನೆಯಲ್ಲಿಟ್ಟ ಪ್ರಸ್ಥಾನ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ ಎಂದು ನನ್ನ ಮೊಬೈಲು ಹೇಳುತ್ತದೆ. ಅಂದರೆ ನಾನು ಭಾನುವಾರದ ಪತ್ರಿಕೆಯನ್ನು ಪುರವಣಿ ಸಮೇತ ಓದಿ, ಎರಡನೆಯ ಕಾಫಿಗಾಗಿ ಅಡುಗೆಮನೆಯತ್ತ ದೀನದೃಷ್ಟಿ ಬೀರುವಷ್ಟು ಹೊತ್ತು. ನಡುವೆ ಸಮುದ್ರವಿದ್ದರೂ ಗಡಿಯಾರದ ಮುಳ್ಳನ್ನು ತಿರುಗಿಸಬೇಕಿಲ್ಲ. ಇಷ್ಟು ಸಲೀಸಾದದ್ದನ್ನು ಪರದೇಶವೆನ್ನಲು ನನಗೆ ಸಂಕೋಚವಾಗುತ್ತಿತ್ತು, ಓದುಗರೇ, ವಿಜಯನಗರದ ನನ್ನ ಮನೆಗೂ ಎದುರುಮನೆಗೂ ಇರುವ ದೂರವನ್ನು ಅಳೆಯುವ ಪ್ರಸಂಗ ಬರುವವರೆಗೆ.

ಕೊಲಂಬೊದಲ್ಲಿ ನನ್ನ ಅಕ್ಕ ವಸುಧಾ ಸಂಗೀತ ಕಲಿಸುತ್ತಾಳೆ. ಕಳೆದ ವರ್ಷ ಅವಳಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಯಿತು, ಒಂದು ಮಂಗಳವಾರ ಬೆಳಗ್ಗೆ. "ಒಳಗೆ ಕರ್ಕೊಂಡು ಹೋಗೋ ಮುಂಚೆ ನಿನ್ನ ಮುಖ ನೋಡ್ಬೇಕು ಕಣೋ," ಎಂದಳು. ಯಾರನ್ನೂ ಏನನ್ನೂ ಬೇಡದ ಅಕ್ಕ ಹಾಗೆಂದದ್ದು ಕೇಳಿ ನನಗೆ ಹೆದರಿಕೆಯಾಯಿತು. ಸೋಮವಾರ ಮಧ್ಯಾಹ್ನ ಮೂರರ ವಿಮಾನಕ್ಕೆ ಟಿಕೆಟ್ ತೆಗೆದೆ.

ನಮ್ಮೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆಯ ದಾರಿ, ಬೆಳಗ್ಗೆ ಎಂಟಕ್ಕೇ ಮನೆ ಬಿಡಬೇಕು. ಸೋಮವಾರ ಆ ಹೊತ್ತಿಗೆ ಸರಿಯಾಗಿ ರಾಹುಕಾಲ. ನಾನು ಕಟ್ಟಾ ವಿಚಾರವಾದಿ, ಹೆಂಡತಿ ಸುಮನಾ ಎದುರಿಗಿಲ್ಲದಾಗ. ಅವಳು ಪ್ರಸ್ಥಾನ ಇಡುವ ಪದ್ಧತಿಯನ್ನು ನೆನಪಿಸಿದಳು: ಒಳ್ಳೆಯ ಹೊತ್ತು ನೋಡಿ ಪ್ರಯಾಣದ ಚೀಲವೊಂದನ್ನು ನೆರೆಮನೆಯಲ್ಲಿಟ್ಟು ಬಂದರೆ, ಶಾಸ್ತ್ರದ ಪ್ರಕಾರ ನಾವು ಹೊರಟಂತೆಯೇ. ಭಾನುವಾರ ಸಂಜೆ ಎದುರುಮನೆಯ ನಂಜೇಗೌಡರಲ್ಲಿ ಕೈಚೀಲವನ್ನಿಟ್ಟು ಬಂದೆ. ಮರೆಯಬಾರದೆಂಬ ಅಪಾರ ಮುಂದಾಲೋಚನೆಯಿಂದ ಪಾಸ್‌ಪೋರ್ಟನ್ನೂ ಅದರಲ್ಲೇ ಹಾಕಿದ್ದೆ.

ಬೆಳಗ್ಗೆ ಟ್ಯಾಕ್ಸಿ ಬಂತು. ಎದುರುಮನೆಗೆ ಬೀಗ. ಗೌಡರ ಮನೆಯವರು ಊರಿಗೆ ಹೋಗಿದ್ದರು. ಗೌಡರಿಗೆ ಮೊದಲ ಪಾಳಿ, ನಸುಕಿನಲ್ಲೇ ಬಸ್ಸು ಹತ್ತಿ ನಮ್ಮೂರಿನದೇ ಹೆಬ್ಬಾಳದ ಕಾರ್ಖಾನೆಗೆ ಹೋಗಿದ್ದರು. ಎಷ್ಟು ಹೊತ್ತಿಗೆ ಹೊರಡುತ್ತೇನೆಂದು ನಾನವರಿಗೆ ಹೇಳಿಯೇ ಇರಲಿಲ್ಲ, ಶಾಸ್ತ್ರದ ಪ್ರಕಾರ ಹೊರಟಾಗಿತ್ತಲ್ಲ. ಅವರ ಫೋನು ರಿಂಗಾಗುತ್ತಲೇ ಇತ್ತು. ಕಾರ್ಖಾನೆಯೊಳಗೆ ಅದನ್ನು ಒಯ್ಯುವಂತಿಲ್ಲ. ಅಕ್ಕನ ಮುಖ ಕಣ್ಣಮುಂದೆ ಬಂತು.

ಟ್ಯಾಕ್ಸಿಯನ್ನು ಹೆಬ್ಬಾಳಕ್ಕೆ ತಿರುಗಿಸಿದೆ. ಗೇಟಿನ ಕಾವಲಿನವರು ಒಳಗೆ ಹೇಳಿ ಕಳಿಸಿ, ಗೌಡರು ಮೇಲಿನವರನ್ನು ಕೇಳಿ ಅನುಮತಿ ಪಡೆದು, ಕೈಗವಸು ಕಳಚುತ್ತಾ ಓಡಿಬರುವಷ್ಟರಲ್ಲಿ ನನಗೆ ಒಂದು ಯುಗ ಕಳೆದಿತ್ತು. ಬೀಗದ ಕೈ ಕೊಟ್ಟು ಕಳಿಸಬಹುದಿತ್ತು. ಕೊಟ್ಟರೆ ಈ ಮನುಷ್ಯ ಅದನ್ನೂ ಎಲ್ಲಾದರೂ ಪ್ರಸ್ಥಾನ ಇಟ್ಟಾನೆಂದೋ ಏನೋ, ತಾವೇ ಕಾರು ಹತ್ತಿದರು. ದಾರಿಯುದ್ದಕ್ಕೂ ಅಕ್ಕನ ವಿಷಯ ಹೇಳಿ ಕ್ಷಮೆ ಕೇಳಿದೆ. ಚೀಲ ಕೈಗೆ ಬಂದಾಗ ಒಂಬತ್ತೂವರೆ. ಸಮುದ್ರ ದಾಟಲು ಬೇಕಾಗುವ ಹೊತ್ತು ನನಗೆ ರಸ್ತೆ ದಾಟಲು ಹಿಡಿದಿತ್ತು. ರಾಹುಕಾಲ ಕಳೆಯಿತೆಂದು ಸುಮನಾ ಒಬ್ಬಳೇ ಸಮಾಧಾನದಿಂದಿದ್ದಳು. ಗೌಡರನ್ನು ಕಾರ್ಖಾನೆಗೆ ಬಿಟ್ಟು ಹೋಗುತ್ತೇನೆಂದರೆ ಅವರು ಒಪ್ಪಲಿಲ್ಲ. "ಬುಡಿ ಸಾರ್, ಅಕ್ಕಾವ್ರು ಕಾಯ್ತಾ ಅವ್ರೆ, ನೀವು ಮೊದ್ಲು ಒರಡಿ," ಎಂದು ಬಸ್‌ಸ್ಟಾಪಿನತ್ತ ನಡೆದೇಬಿಟ್ಟರು.

ವಿಮಾನ ಸಿಕ್ಕಿತು. ಸಂಜೆ ಆಸ್ಪತ್ರೆಯಲ್ಲಿ ಅಕ್ಕನ ಕೈ ಹಿಡಿದು ಈ ಕಥೆ ಹೇಳಿದೆ. ಅವಳು ನಕ್ಕಳು, ಆಮೇಲೆ ಗೌಡರ ಹೆಸರು ಕೇಳಿ ತಿಳಿದುಕೊಂಡಳು. ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ನಾಲ್ಕನೆಯ ದಿನ, ದನಿ ಸ್ವಲ್ಪ ಗಟ್ಟಿಯಾದ ಮೇಲೆ, ಗೌಡರಿಗೆ ಫೋನ್ ಮಾಡಿಕೊಡು ಎಂದಳು. ಕೃತಜ್ಞತೆಗೆ ಅವಳು ಚೆಂದದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳೆಂದು ಕಾಣುತ್ತದೆ. ಆದರೆ ಅವಳ ದನಿ ಕೇಳಿದ್ದೇ ಗೌಡರು, "ಅಕ್ಕಾ, ಊಟ ಆಯ್ತಾ?" ಎಂದರು.

ಒಳಗೆ ಹೋಗುವಾಗಲೂ ಹೊರಗೆ ಬಂದಾಗಲೂ ಅಳದಿದ್ದ ಅಕ್ಕ, ಫೋನು ಹಿಡಿದುಕೊಂಡು ಸುಮ್ಮನೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಗಂಜಿ ಕುಡ್ದೆ ಕಣಪ್ಪ," ಎಂದಳು.