ಬಿರುಕಿಗೆ ಗಾಜು ಅಂಟಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಣ್ಣನೆಯ ಗಾಳಿ ಕೆಳಗಿಳಿದು ಒಲೆಗಳ ಹೊಗೆಯನ್ನೆಲ್ಲ ಬೀದಿಯಲ್ಲೇ ಅದುಮಿ ಹಿಡಿದಿದೆ. ಆ ಹೊಗೆಯ ನಡುವೆ ಒಬ್ಬಾಕೆ ಕುಕ್ಕರಗಾಲಿನಲ್ಲಿ ಕುಳಿತು, ಯಾರದೋ ಮನೆಯ ಗೋಡೆಗೆ ಓರೆಯಾಗಿ ಟಾರ್ಚ್ ಬಿಡುತ್ತಿದ್ದಾರೆ. ಬಿಸಿಲೇರಿದರೆ ಕೂದಲೆಳೆಯಂಥ ಬಿರುಕು ಕಣ್ಣಿಗೆ ಬೀಳುವುದಿಲ್ಲವಂತೆ. ಇಗೋ, ಒಂದು ಸಿಕ್ಕಿತು. ಅದರ ಎರಡೂ ಬದಿಗೆ ಗಾರೆ ಮೆತ್ತಿ, ಅಡ್ಡಲಾಗಿ ಬೆರಳುದ್ದದ ತೆಳು ಗಾಜಿನ ಪಟ್ಟಿ ಕೂರಿಸುತ್ತಾರೆ. ಮುಂದೆ ಆ ಗಾಜು ಒಡೆದರೆ ಗೋಡೆ ಸರಿಯುತ್ತಿದೆ, ಕೆಳಗೆ ನೆಲ ಕುಸಿಯುತ್ತಿದೆ ಎಂದರ್ಥ.

ಊರಿನವರಿಗೆಲ್ಲ ಇವರು ಗಾಜಕ್ಕ. ನಗರಸಭೆಯ ನೌಕರಿ, ಮಧ್ಯಾಹ್ನದೊಳಗೆ ನಲವತ್ತು ಮನೆ ಸುತ್ತಬೇಕು, ಮಂಡಿನೋವು ಬೇರೆ. ಊರಿನ ಅಡಿಯಲ್ಲಿ ಹಳೆಯ ಕಲ್ಲಿದ್ದಲು ಗಣಿಯ ಸುರಂಗಗಳಿವೆ. ಅಲ್ಲಿನ ಮರದ ಆಸರೆಗಳು ಕೊಳೆತಂತೆಲ್ಲ ಮೇಲಿನ ಬೀದಿಗಳು ಸದ್ದಿಲ್ಲದೆ ತಗ್ಗುತ್ತಿವೆ. ಜ್ವರ ಇಳಿದರೆ, ನೆರೆ ಇಳಿದರೆ, ಸಿಟ್ಟು ಇಳಿದರೆ ಜನ ನೆಮ್ಮದಿಯ ಉಸಿರು ಬಿಡುತ್ತಾರೆ. ನೆಲ ಇಳಿದರೆ ಮಾತ್ರ ಗಾಜಕ್ಕನ ಮೇಲೆ ಹರಿಹಾಯುತ್ತಾರೆ.

"ನನ್ನ ಕಂಡ್ರೆ ಕೆಲವರು ಬಾಗಿಲು ಹಾಕ್ಕೋತಾರೆ. ನಾನೇ ಹೋಗಿ ನೆಲ ತುಳಿದು ಇಳಿಸಿದೀನೋ ಅನ್ನೋ ಹಾಗೆ," ಎಂದು ನಗುತ್ತಾರೆ.

ಗಾಜು ಒಡೆದದ್ದು ಗೊತ್ತಾದರೆ ಮನೆ ಬಿಡಿಸುತ್ತಾರೆಂಬ ಭಯ ಎಲ್ಲರಿಗೂ. ಅದಕ್ಕೇ ಫೋಟೊ ಕಟ್ಟಿನ ಗಾಜು ಕತ್ತರಿಸಿ, ಒಡೆದದ್ದರ ಜಾಗದಲ್ಲಿ ಅಂಟಿಸಿ, ಏನೂ ಅರಿಯದವರಂತೆ ಟೀ ಕೊಡುವ ಜಾಣರೂ ಇದ್ದಾರೆ. ಗಾಜಕ್ಕ ಟೀ ಕುಡಿದೇ ಗಾರೆಯನ್ನು ಉಗುರಿನಿಂದ ಕೆರೆದು ನೋಡುತ್ತಾರೆ.

ಕಳೆದ ವರ್ಷ ಹೀಗೆ ಸಿಕ್ಕಿಬಿದ್ದದ್ದು ಒಡಹುಟ್ಟಿದ ತಂಗಿ. ಗಂಡ ಹೆಂಡತಿ ಹೊಟ್ಟೆಬಟ್ಟೆ ಕಟ್ಟಿ ಕಟ್ಟಿಸಿದ ಮನೆ ಅದು. ಗಾಜೇನೋ ಇಡಿಯಾಗಿಯೇ ಇತ್ತು, ಗಾರೆ ಮಾತ್ರ ಇನ್ನೂ ಹಸಿ. ಮಗು ಮಲಗುವ ಮಂಚ ಅದೇ ಗೋಡೆಗೆ ಒರಗಿತ್ತು. ತಂಗಿ ಕೈ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು: "ಅಕ್ಕಾ, ನೋಡಿಲ್ಲ ಅಂದ್ಕೊಂಡ್ಬಿಡೆ."

ಗಾಜಕ್ಕ ಕೈ ಬಿಡಿಸಿಕೊಂಡು ನೇರ ಕಚೇರಿಗೆ ಹೋಗಿ ಹೇಳಿದರು. ಆ ದಾರಿಯುದ್ದಕ್ಕೂ ಅಳುತ್ತಲೇ ಹೋದೆ ಎಂದು ಈಗ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಅದೇ ವಾರ ಮನೆಗೆ ಬೀಗ ಬಿತ್ತು. ಇಂಥ ಗಟ್ಟಿತನ ಎಷ್ಟು ಜನರಿಗಿದ್ದೀತು?

ಕಥೆಯಲ್ಲಾದರೆ ಆ ಮನೆ ಮರುದಿನವೇ ಕುಸಿದು, ತಂಗಿ ಓಡಿಬಂದು ಅಕ್ಕನನ್ನು ತಬ್ಬಿಕೊಳ್ಳುತ್ತಿದ್ದಳು. ಆದರೆ ಮನೆ ಇವತ್ತಿಗೂ ಕಲ್ಲುಗುಂಡಿನ ಹಾಗೆ ನಿಂತಿದೆ. ಎದುರು ಸಾಲಿನ ಬಾಡಿಗೆ ಕೋಣೆಯಲ್ಲಿರುವ ತಂಗಿ, ಅಕ್ಕ ಆ ದಾರಿಯಲ್ಲಿ ಹೋದಾಗಲೆಲ್ಲ ಕಿಟಕಿಯಿಂದ ತಲೆ ಹೊರಹಾಕಿ, ಮನೆ ಬಿತ್ತಾ ಎಂದು ಬೀದಿಗೆಲ್ಲ ಕೇಳುವಂತೆ ಚುಚ್ಚುತ್ತಾಳೆ. ಬೇರೆ ದಾರಿ ಇದ್ದರೂ ಗಾಜಕ್ಕ ದಿನಾ ಅಲ್ಲೇ ಹಾಯುತ್ತಾರೆ.

ಯಾಕೆ ಎಂದು ಕೇಳಿದರೆ ಕೈಗಂಟಿದ ಗಾರೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಆ ಮನೆ ನೂರು ವರ್ಷ ಹಂಗೇ ನಿಂತಿರ್ಲಿ, ನಾನೇ ಸುಳ್ಳಾಗ್ಲಿ. ದಿನಾ ಬೈತಾಳೆ, ಬೈಲಿ ಬಿಡಿ. ಬೈಯೋಕೆ ಅವಳಿದಾಳಲ್ಲ."