ಮಗಳಿಗೆ ಉಪ್ಪು ಕೊಟ್ಟವನು

ನಮ್ಮ ಗಿಪ್ಸ್‌ಲ್ಯಾಂಡಿನ ಹಾಲು ಕರೆಯುವ ಜನಕ್ಕೆ ಒಂದು ಕೆಟ್ಟ ಚಾಳಿ. ಎದೆ ಒಡೆದುಹೋಗುವಂಥ ಮಾತಿದ್ದರೂ ನೇರವಾಗಿ ಆಡುವುದಿಲ್ಲ, ತಮಾಷೆಯಲ್ಲಿ ತೇಲಿಸಿಬಿಡುತ್ತಾರೆ. ಟ್ರ್ಯಾಕ್ಟರ್ ಮಗುಚಿ ಕಾಲು ಮುರಿದುಕೊಂಡು ಬಿದ್ದವನಿಗೆ, “ಏಳೋ ಸೋಮಾರಿ, ಇನ್ನೊಂದು ಕಾಲಿದೆಯಲ್ಲ” ಅನ್ನುತ್ತಾರೆ. ಅನ್ನುತ್ತಲೇ ಅವನನ್ನು ಹೊತ್ತು ಎರಡು ಮೈಲಿ ನಡೆಯುತ್ತಾರೆ. ಕ್ಲೆಮ್ ಡಾರಿಟಿ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಹೆಂಡತಿ ಮೊಯ್ರಾ ಕ್ಯಾನ್ಸರಿನಲ್ಲಿ ತೀರಿಕೊಂಡಾಗ ಅವಳನ್ನು ಹೂಳುವ ಗುಂಡಿಯ ಮುಂದೆ ನಿಂತು, “ಅಂತೂ ನನ್ನ ಅಡುಗೆಯಿಂದ ತಪ್ಪಿಸ್ಕೊಂಡ್ಳು ನೋಡಿ” ಅಂದಿದ್ದ. ಊರೆಲ್ಲ ನಕ್ಕಿತು, ಊರೆಲ್ಲ ಕಣ್ಣೊರೆಸಿಕೊಂಡಿತು. ಆಗ ಮಗಳು ನೆರಿಡಾಗೆ ಆರು ವರ್ಷ; ಎಲ್ಲರೂ ಅವಳನ್ನು ನೆರಿ ಎಂದೇ ಕರೆಯುತ್ತಿದ್ದರು.

ಊರಲ್ಲಿ ಈ ಚಾಳಿ ನಡೆಯುತ್ತದೆ. ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಪಾಪ, ಅದನ್ನು ಕ್ಲೆಮ್‌ಗೆ ಯಾರು ಹೇಳಬೇಕಿತ್ತು?

ನೆರಿಗೆ ಒಂಬತ್ತು ತುಂಬಿದ ವರ್ಷ, ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಕಾಯಿಲೆ ಹತ್ತಿತು. ಇದ್ದಕ್ಕಿದ್ದಂತೆ ವಾಂತಿ, ಹೊಟ್ಟೆನೋವು, ನಿಂತಲ್ಲೇ ತಲೆಸುತ್ತಿ ಬೀಳುವುದು. ಎರಡು ಗಂಟೆ ದೂರದ ನಗರದ ಆಸ್ಪತ್ರೆಗೆ ಒಯ್ದರೆ ಡ್ರಿಪ್ ಹಾಕುತ್ತಾರೆ, ಎರಡೇ ದಿನಕ್ಕೆ ಹುಡುಗಿ ಎದ್ದು ಕೂತು ಹರಟೆ ಹೊಡೆಯುತ್ತಾಳೆ. ಪರೀಕ್ಷೆಗಳಲ್ಲಿ ಏನೂ ಸಿಗುವುದಿಲ್ಲ. ಮನೆಗೆ ಬಂದರೆ ಹದಿನೈದು ದಿನಕ್ಕೆ ಮತ್ತೆ ಅದೇ ಪಾಡು. ನಮ್ಮಲ್ಲಿ ಚಳಿಗಾಲ ಬರುವುದು ಜುಲೈಗೆ; ಆ ಹೊತ್ತಿಗೆ ಇದು ಆರನೇ ಸುತ್ತು.

ಜೊತೆಗೆ ಆ ಹುಡುಗಿಗೆ ಉಪ್ಪಿನ ಹುಚ್ಚು ಹಿಡಿದಿತ್ತು. ಉಪ್ಪಿನಲ್ಲಿ ಹಾಕಿಟ್ಟ ಸೌತೆಕಾಯಿ ಬಿಟ್ಟು ಅದರ ನೀರನ್ನೇ ಗಟಗಟ ಕುಡಿಯುವಳು. ಒಂದು ದಿನ ಕೊಟ್ಟಿಗೆಯಲ್ಲಿ ಹಸುಗಳು ನೆಕ್ಕುವ ಉಪ್ಪಿನ ಗಟ್ಟಿಯನ್ನು ತಾನೂ ನೆಕ್ಕುತ್ತ ಕೂತಿದ್ದಳು. ಮಣ್ಣು ನೆಕ್ಕುವ ಹಸುವಿಗೆ ಉಪ್ಪು ಬೇಕೆಂದು ಹಾಲು ಕರೆಯುವವನಿಗೆ ಯಾರೂ ಪಾಠ ಹೇಳಬೇಕಿಲ್ಲ. ಕ್ಲೆಮ್ ಅವಳ ನಿಂಬೆ ಪಾನಕಕ್ಕೆ ಒಂದೊಂದು ಚಮಚ ಉಪ್ಪು ಬೆರೆಸಿ ಕೊಡತೊಡಗಿದ. ಕುಡಿದರೆ ಅವಳ ಕಣ್ಣಿಗೆ ಸ್ವಲ್ಪ ಕಳೆ ಬರುತ್ತಿತ್ತು. ಅಷ್ಟು ಸಾಕಾಗಿತ್ತು ಅವನಿಗೆ.

ಆರನೇ ಸಲ ಸೇರಿಸಿದಾಗ ಡಾಕ್ಟರ್ ಲಸಿಟರ್ ಎಂಬ ಹೆಂಗಸು ಎದುರು ಕೂತು ಕೇಳಿದರು. “ಮನೇಲಿ ಇವಳಿಗೆ ಏನೇನು ಕೊಡ್ತೀರಿ, ಮಿಸ್ಟರ್ ಡಾರಿಟಿ?”

ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಅವನು. ಭಯವಾದಾಗ ನಮ್ಮವರ ಬಾಯಿಂದ ಏನು ಬರುತ್ತದೋ ಅದೇ ಬಂತು. “ಹಸುಗಳಿಗೆ ಕೊಡೋದನ್ನೇ ಕೊಡ್ತೀನಿ ಡಾಕ್ಟ್ರೇ. ಇಲ್ಲೀವರೆಗೆ ಒಂದು ಹಸುನೂ ದೂರು ಕೊಟ್ಟಿಲ್ಲ.”

ಡಾಕ್ಟರ್ ನಗಲಿಲ್ಲ. ಆ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡರು.

ಮರುದಿನ ಮಂಗಳವಾರ. ನೆರಿ ಹಟ ಮಾಡಿದಳೆಂದು ಕ್ಲೆಮ್ ಜೇಬಿನ ಪೊಟ್ಟಣದಿಂದ ಅವಳ ಲೋಟಕ್ಕೆ ಉಪ್ಪು ಸುರಿದು ಕಲಕುತ್ತಿದ್ದುದನ್ನು ಬಾಗಿಲಲ್ಲಿ ನಿಂತ ನರ್ಸ್ ನೋಡಿದಳು. ಒಂದು ಗಂಟೆಯೊಳಗೆ ಅವನನ್ನು ಕಿಟಕಿಯಿಲ್ಲದ ಕೋಣೆಗೆ ಕರೆಸಿದರು. ಡಾಕ್ಟರ್ ಲಸಿಟರ್ ಇದ್ದರು, ಮಕ್ಕಳ ಇಲಾಖೆಯ ಹೆಂಗಸೊಬ್ಬಳಿದ್ದಳು.

“ಉಪ್ಪುನೀರು ಕುಡಿಸಿದ್ರೆ ಮಕ್ಕಳು ವಾಂತಿ ಮಾಡ್ತಾರೆ. ಇದು ನಿಮಗೆ ಗೊತ್ತಿರ್ಬೇಕಲ್ಲ?” ಅಂದರು ಡಾಕ್ಟರ್.

“ಅವಳೇ ಕೇಳಿದ್ಳು, ಕೊಟ್ಟೆ.”

“ಇಲ್ಲಿದ್ರೆ ಎರಡು ದಿನದಲ್ಲಿ ಹುಷಾರಾಗ್ತಾಳೆ. ನಿಮ್ಮ ಜೊತೆ ಮನೆಗೆ ಹೋದ್ರೆ ಕಾಯಿಲೆ. ಆರು ಸಲ. ನಾವು ಏನಂತ ತಿಳ್ಕೋಬೇಕು?”

ಅವರು ಏನಂತ ತಿಳಿದುಕೊಂಡಿದ್ದಾರೆಂದು ಅವನ ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು. ತನ್ನ ಕೈಯಾರೆ ತಾನೇ ಮಗಳನ್ನು ಕಾಯಿಲೆ ಬೀಳಿಸುತ್ತಿದ್ದಾನೆ, ಜನರ ಮರುಕ ಗಿಟ್ಟಿಸಲು! ಮುಂದಿನ ವಾರದ ಶುಕ್ರವಾರ ಮ್ಯಾಜಿಸ್ಟ್ರೇಟ್ ಮುಂದೆ ವಿಚಾರಣೆ, ಅಲ್ಲಿಯವರೆಗೆ ಮಗು ಆಸ್ಪತ್ರೆಯಲ್ಲೇ, ಆಮೇಲೆ ಬೇರೆ ಮನೆಯವರ ಬಳಿ. ಅವನು ಬರಬಹುದಾದ್ದು ಎರಡೇ ಸಲ, ಒಂದೊಂದು ಗಂಟೆ, ನರ್ಸ್ ಎದುರಿಗೆ, ಕೈಯಲ್ಲಿ ತಿನ್ನುವ ಪದಾರ್ಥವಿಲ್ಲದೆ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ಉಪ್ಪು ತಿಂದವಳು ಮಗಳು, ನೀರು ಕುಡಿಯಬೇಕಾದವನು ಅಪ್ಪ.

ಊರಿಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಅಂಗಡಿಗೆ ಬ್ರೆಡ್ ತರಲು ಹೋದರೆ ಅಲ್ಲಿದ್ದ ನಾಲ್ವರೂ, “ಹೇಗಿದೀಯ ಕ್ಲೆಮ್” ಎಂದು ಮರ್ಯಾದೆಯಿಂದ ಕೇಳಿದರು. ಅವನ ಹಳೇ ಟೋಪಿಯನ್ನು ಯಾರೂ ಆಡಿಕೊಳ್ಳಲಿಲ್ಲ, ಅವನ ಬಡಕಲು ಹೋರಿಯ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ನಮ್ಮಲ್ಲಿ ಜನ ಬೈದರೆ ಚಿಂತೆಯಿಲ್ಲ, ಗೇಲಿ ಮಾಡಿದರಂತೂ ಹಬ್ಬ. ಮರ್ಯಾದೆ ಕೊಡಲು ಶುರು ಮಾಡಿದರೆ ನಿನ್ನ ಕತೆ ಮುಗಿಯಿತೆಂದೇ ಲೆಕ್ಕ. ಕ್ಲೆಮ್ ಬ್ರೆಡ್ಡನ್ನು ಅಲ್ಲೇ ಬಿಟ್ಟು ಹೊರಟುಬಂದ.

ಶುಕ್ರವಾರ ಮೊದಲ ಭೇಟಿ. ನೆರಿ ಚೆನ್ನಾಗಿದ್ದಳು, ಸೀನಾ ಎಂಬ ಸಮೋವಾ ದ್ವೀಪದ ದಪ್ಪನೆಯ ನರ್ಸ್ ಜೊತೆ ಇಸ್ಪೀಟು ಆಡುತ್ತಿದ್ದಳು. ಹಿಂದಿನ ದಿನವಷ್ಟೇ ಡ್ರಿಪ್ ತೆಗೆದಿದ್ದರು. ಬಾಗಿಲಲ್ಲಿ ಡಾಕ್ಟರ್ ಲಸಿಟರ್ ಮೆಲ್ಲಗೆ, “ನೋಡಿದ್ರಾ?” ಅಂದರು. ಕಾರಿನಲ್ಲಿ ಮನೆಗೆ ಮರಳುವಾಗ ಕ್ಲೆಮ್‌ಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಇದ್ದರೂ ಇರಬಹುದಲ್ಲ? ಆ ಹಾಳು ಉಪ್ಪಿನಿಂದಲೇ ಇದೆಲ್ಲ ಆಗಿದ್ದರೆ? ತಾನು ಪ್ರೀತಿ ಎಂದುಕೊಂಡು ಕಲಕಿ ಕೊಟ್ಟದ್ದು ವಿಷವೇ ಆಗಿದ್ದರೆ? ರಸ್ತೆಯ ಪಕ್ಕ ಕಾರು ನಿಲ್ಲಿಸಿ ಸ್ಟೀರಿಂಗ್ ಮೇಲೆ ಹಣೆ ಇಟ್ಟು ಮಗುವಿನಂತೆ ಅತ್ತ.

ಭಾನುವಾರ ಕರು ಹಾಕಿದ ಹಸುವೊಂದು ನೆಲ ಕಚ್ಚಿತೆಂದು ದನದ ಡಾಕ್ಟರು ವಿಲ್ಮಾ ಟ್ರೆಗಾರ್ ಬಂದಳು. ಮೊಣಕಾಲುದ್ದದ ಬೂಟಿನ, ಕೊಳಲಿನಂಥ ದನಿಯ ಅರವತ್ತರ ಹೆಂಗಸು. ಕೆಸರಿಗಿಳಿಯುತ್ತಲೇ, “ಏನೋ ಕ್ಲೆಮ್, ಹಸು ಬಿದ್ದಿದೆ ಅಂದೆ, ನಿನ್ನ ಮುಖ ನೋಡಿದ್ರೆ ಮೊದ್ಲು ನಿಂಗೇ ಸೂಜಿ ಚುಚ್ಬೇಕು ಅನ್ಸುತ್ತೆ” ಅಂದಳು.

ಐದು ದಿನದ ಮೇಲೆ ಒಬ್ಬರು ಅವನನ್ನು ಗೇಲಿ ಮಾಡಿದ್ದರು. ಕ್ಲೆಮ್ ತಡೆಯಲಾರದೆ ಎಲ್ಲ ಹೇಳಿಬಿಟ್ಟ. ಹಸುವಿನ ಕತ್ತಿಗೆ ಸೂಜಿ ಹಿಡಿದುಕೊಂಡೇ ಕೇಳುತ್ತಿದ್ದ ವಿಲ್ಮಾಳ ನಗು ಹೋಯಿತು.

“ಅವಳ ಮೈ ಬಣ್ಣ ಹೇಗಿದೆ?”

“ಬಣ್ಣಕ್ಕೇನು? ಎಲ್ರೂ ಅಂತಾರೆ, ಚಳಿಗಾಲದಲ್ಲೂ ಸಮುದ್ರದ ದಂಡೇಲಿ ಬಿದ್ದು ಬಂದೋಳ ಹಾಗೆ ಕಂದಿದ್ದಾಳೆ ಅಂತ.”

“ವಸಡು? ಅಂಗೈ ಗೆರೆ?”

ಕ್ಲೆಮ್ ಯೋಚಿಸಿದ. “ಗೆರೆ ಕಪ್ಪಗಿದೆ. ಕೊಳೆ ಅಂತ ಉಜ್ಜಿ ಉಜ್ಜಿ ತೊಳ್ಸಿದ್ದೆ.”

“ಅಯ್ಯೋ ದೇವ್ರೇ!” ವಿಲ್ಮಾ ಎದ್ದು ನಿಂತಳು. “ಕೇಳು ಇಲ್ಲಿ. ನಾನು ಮನುಷ್ಯರ ಡಾಕ್ಟ್ರಲ್ಲ. ಆದ್ರೆ ಇದೇ ಕತೇನ ಒಂದು ನಾಯಿ ಬಗ್ಗೆ ಹೇಳಿದ್ದಿದ್ರೆ, ಅವತ್ತೇ ರಕ್ತ ತೆಗೀತಿದ್ದೆ. ಮೂತ್ರಪಿಂಡದ ತಲೆ ಮೇಲೆ ಒಂದು ಸಣ್ಣ ಗ್ರಂಥಿ ಇರುತ್ತೆ. ಅದು ಕೆಟ್ರೆ ಮೈಯಲ್ಲಿ ಉಪ್ಪು ನಿಲ್ಲಲ್ಲ, ಸೋರಿ ಹೋಗುತ್ತೆ. ಮನುಷ್ಯರಲ್ಲಾದ್ರೆ ಮೈ, ವಸಡು ಕಪ್ಪಾಗುತ್ತಂತೆ. ಡ್ರಿಪ್ ಅಂದ್ರೆ ಏನು ಅಂದ್ಕೊಂಡೆ? ಉಪ್ಪುನೀರು ಕಣೋ! ಅದಕ್ಕೇ ಅಲ್ಲಿ ಹುಷಾರಾಗ್ತಿದ್ಳು. ನೀನು ಕೊಟ್ಟ ಉಪ್ಪೇ ಇಷ್ಟು ದಿನ ಅವಳನ್ನ ಎಳ್ಕೊಂಡು ಬಂದಿರೋದು. ಈಗ ಅಲ್ಲಿ ಉಪ್ಪು ಕೊಡ್ತಿದಾರಾ?”

“ಇಲ್ಲ. ಉಪ್ಪಿಲ್ಲದ ಊಟಾನೇ ಹಾಕ್ಬೇಕು ಅಂತ ಅಪ್ಪಣೆ ಆಗಿದೆ.”

ಔಷಧದ ರಟ್ಟಿನ ಡಬ್ಬಿ ಹರಿದು ಅದರ ಹಿಂದೆ ಕಾಯಿಲೆಯ ಹೆಸರು, ಮಾಡಬೇಕಾದ ಪರೀಕ್ಷೆಯ ಹೆಸರು ಬರೆದುಕೊಟ್ಟಳು ವಿಲ್ಮಾ. “ಇದನ್ನ ನೆಟ್ಟಗೆ ಹೇಳು. ನಿನ್ನ ಹಾಳು ತಮಾಷೆಗೆ ಬೆಂಕಿ ಬೀಳ, ಅದನ್ನ ಮನೇಲಿಟ್ಟು ಹೋಗು.”

ಅವನು ಆಗಲೇ ಫೋನ್ ಮಾಡಿದ. ಡಾಕ್ಟರ್ ಇಲ್ಲ ಅಂದರು. ವಿಲ್ಮಾ ಮಾಡಿದಳು, ರೋಗಿಯ ವಿಷಯ ಹೊರಗಿನವರಿಗೆ ಹೇಳುವುದಿಲ್ಲ ಅಂದರು. ಸೋಮವಾರ ಮತ್ತೆ ಮೂರು ಸಲ ಮಾಡಿದ. ಫೋನ್ ಎತ್ತಿದ ಹುಡುಗಿಗೆ ನಿಧಾನವಾಗಿ, ನೆಟ್ಟಗೇ ಹೇಳಿದ. ಅವಳು ಬರೆದುಕೊಂಡದ್ದು ಮಾತ್ರ ಒಂದೇ ಸಾಲು: ನಾಯಿಗೆ ಬರುವ ಕಾಯಿಲೆ ಮಗಳಿಗೆ ಬಂದಿದೆಯೆಂದು ದನದ ಡಾಕ್ಟರು ಹೇಳಿದ್ದಾರೆ ಎಂದು ತಂದೆ ಹೇಳುತ್ತಾರೆ. ಹಸುವಿನ ಮಾತು ಕಡತದಲ್ಲಿ ಆಗಲೇ ಇತ್ತು. ಅದರ ಕೆಳಗೆ ಇದೂ ಹೋಗಿ ಕೂತಿತು.

ಮಂಗಳವಾರ ಎರಡನೇ ಭೇಟಿ. ನೆರಿ ಮಗ್ಗುಲಾಗಿ ಬಿದ್ದಿದ್ದಳು, ತುಟಿ ಬೂದಿ ಬಣ್ಣ, ಕಣ್ಣು ಗುಳಿ ಬಿದ್ದಿತ್ತು. ಅಪ್ಪನನ್ನು ನೋಡಿ ತಲೆ ಎತ್ತಲೂ ಆಗಲಿಲ್ಲ.

“ಅಪ್ಪಾ... ಉಪ್ಪು ತಂದಿದ್ಯಾ?”

ಸೀನಾ ಸರಕ್ಕನೆ ಅವನ ಕೈ ನೋಡಿದಳು. ಕೈ ಬರಿದಾಗಿತ್ತು. ಆದರೆ ಮುಟ್ಟದೆ ಉಳಿದಿದ್ದ ಪಕ್ಕದ ಮಂಚದ ಊಟದ ತಟ್ಟೆಯಲ್ಲಿ ಎರಡು ಉಪ್ಪಿನ ಪೊಟ್ಟಣಗಳಿದ್ದವು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೊಟ್ಟರೆ ಶುಕ್ರವಾರ ಮಗಳು ಕೈಬಿಟ್ಟು ಹೋಗುವುದು ಖಂಡಿತ. ಕೊಡದಿದ್ದರೆ ಅವಳಿಗೆ ಶುಕ್ರವಾರ ಅನ್ನುವುದೇ ಇಲ್ಲ ಅನ್ನಿಸಿತು. ಅವನ ಕೈ ಒಂದು ಗೇಣು ಮುಂದೆ ಹೋಯಿತು. ಎರಡು ಪೊಟ್ಟಣ ಸಾಲುವುದಿಲ್ಲ, ಇವತ್ತು ಉಳಿಸಿದರೆ ನಾಳೆ ಯಾರು ಉಳಿಸುತ್ತಾರೆ? ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡ.

“ಡಾಕ್ಟರನ್ನ ಕರೀರಿ, ಸೀನಾ.”

“ಅವ್ರು ರೌಂಡ್ಸಲ್ಲಿ—”

“ಕರೀರಿ ತಾಯಿ! ಕರೀದಿದ್ರೆ ನಾನು ಇಲ್ಲಿಂದ ಅಲ್ಲಾಡಲ್ಲ, ಪೊಲೀಸ್ನೋರು ಬಂದು ಎತ್ಕೊಂಡ್ಹೋಗ್ಲಿ.”

ಡಾಕ್ಟರ್ ಲಸಿಟರ್ ಬಂದರು, ಹಿಂದೆ ಕಾವಲಿನವನೂ ಬಂದ. “ಮಿಸ್ಟರ್ ಡಾರಿಟಿ, ನೀವೀಗ ಹೊರಡ್ಬೇಕು.”

“ಹೊರಡ್ತೀನಿ. ಒಂದು ಮಾತು. ನಾನೀಗ ತಮಾಷೆ ಮಾಡ್ತಿಲ್ಲ. ನಂಗೆ ಹೀಗೆ ಮಾತಾಡಿ ರೂಢಿ ಇಲ್ಲ, ತಪ್ಪಿದ್ರೆ ಕ್ಷಮಿಸಿ.” ಅವನು ರಟ್ಟಿನ ತುಂಡನ್ನು ಚಾಚಿದ. “ನನ್ನ ನಂಬಬೇಡಿ ನೀವು. ಅವಳ ರಕ್ತ ನಂಬಿ. ಅಂಗೈ ಗೆರೆ ನೋಡಿ, ವಸಡು ನೋಡಿ. ಇದೊಂದು ಪರೀಕ್ಷೆ ಮಾಡಿ. ಇದ್ರಲ್ಲಿ ಏನೂ ಸಿಗ್ದಿದ್ರೆ ಶುಕ್ರವಾರ ಅವಳನ್ನ ಯಾರಿಗೆ ಬೇಕಾದ್ರೂ ಕೊಡಿ, ಎಲ್ಲಿ ಹೇಳ್ತೀರೋ ಅಲ್ಲಿ ಸಹಿ ಹಾಕ್ತೀನಿ. ನಂಗೆ ಅವಳು ಸಿಗ್ದಿದ್ರೂ ಪರ್ವಾಗಿಲ್ಲ ಡಾಕ್ಟ್ರೇ. ಎಲ್ಲಾದ್ರೂ ಬದುಕಿರ್ಲಿ.”

ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಬೇಕೆಂದೂ ಅವನಿಗೆ ಹೊಳೆಯಲಿಲ್ಲ.

ಸೀನಾ ತಗ್ಗಿದ ದನಿಯಲ್ಲಿ, “ಡಾಕ್ಟ್ರೇ, ಬೆಳಿಗ್ಗೆಯಿಂದ ಇವಳ ಬಿ.ಪಿ. ಇಳೀತಾನೇ ಇದೆ. ಆಗ್ಲೇ ಎರಡು ಸಲ ಹೇಳಿ ಕಳಿಸಿದ್ದೆ” ಅಂದಳು. ಲಸಿಟರ್ ರಟ್ಟನ್ನು ಓದಿದರು. ಮಂಚಕ್ಕೆ ಬಾಗಿ ನೆರಿಯ ತುಟಿ ಎತ್ತಿ ನೋಡಿದರು. ಅಂಗೈ ಬಿಡಿಸಿ ನೋಡಿದರು. ಆಮೇಲೆ ಅವರ ಮುಖದ ಬಣ್ಣ ಬದಲಾದದ್ದನ್ನು ಕ್ಲೆಮ್ ಕಣ್ಣಾರೆ ಕಂಡ.

“ಡ್ರಿಪ್ ತನ್ನಿ. ಬೇಗ! ರಕ್ತ ತೆಗೀರಿ. ಇವ್ರನ್ನ ಹೊರಗೆ ಕೂರಿಸಿ.”

ಕಾರು ನಿಲ್ಲಿಸುವ ಜಾಗದಲ್ಲಿ ನಾಲ್ಕು ಗಂಟೆ ನಿಂತ ಅವನು. ಕೂರಲಿಲ್ಲ. ಊರಲ್ಲಿ ಹಾಲು ಕರೆಯುವ ಹೊತ್ತು ಮೀರಿತು. ವಿಲ್ಮಾ ಫೋನ್ ಮಾಡಿ, ನೆರೆಯವರನ್ನು ಬೈದು ಎಬ್ಬಿಸಿ ಅವನ ಕೊಟ್ಟಿಗೆಗೆ ಕಳಿಸಿದ್ದಾಳೆಂದು ಹೇಳಿದ್ದೂ ಅವನ ಕಿವಿಗೆ ಬೀಳಲಿಲ್ಲ.

ಕತ್ತಲಾಗುವ ಮುನ್ನ ಡಾಕ್ಟರ್ ಲಸಿಟರ್ ತಾವೇ ಇಳಿದು ಬಂದರು. ಕೋಟು ಕೂಡ ಹಾಕಿಕೊಂಡಿರಲಿಲ್ಲ.

“ನಿಮ್ಮ ದನದ ಡಾಕ್ಟ್ರು ಹೇಳಿದ್ದೇ ನಿಜ. ಈಗ ಅಪಾಯ ದಾಟಿದ್ದಾಳೆ. ಜೀವಮಾನ ಪೂರ್ತಿ ಮಾತ್ರೆ ತಗೋಬೇಕು, ಆದ್ರೆ ಎಲ್ಲ ಮಕ್ಕಳ ಹಾಗೆ ಬೆಳೀತಾಳೆ. ಶುಕ್ರವಾರದ ವಿಚಾರಣೆ ವಾಪಸ್ ತಗೊಳ್ಳೋಕೆ ನಾನೇ ಬರೆದುಕೊಟ್ಟಿದ್ದೀನಿ.” ಸ್ವಲ್ಪ ತಡೆದರು. “ನನ್ನ ತಪ್ಪು.”

“ಹೌದು,” ಅಂದ ಕ್ಲೆಮ್. “ನಿಮ್ಮ ತಪ್ಪು.”

ಗುರುವಾರ ಅವನಿಗೆ ಗಂಟೆಯ ಮಿತಿ ಇರಲಿಲ್ಲ. ನೆರಿ ದಿಂಬಿಗೊರಗಿ ಕೂತಿದ್ದಳು, ತುಟಿ ಮತ್ತೆ ಕೆಂಪಾಗಿತ್ತು. ಸೀನಾ ಬಿಳಿಯ ಮಾತ್ರೆಯೊಂದನ್ನು ಕ್ಲೆಮ್‌ನ ಅಂಗೈಗೆ ಹಾಕಿದಳು. “ದಿನಕ್ಕೆ ಮೂರು ಸಲ. ಇನ್ಮೇಲೆ ನೀವೇ ಕೊಡ್ಬೇಕಲ್ಲ, ಇವತ್ತಿಂದ್ಲೇ ಶುರು ಮಾಡಿ.”

ಅವನು ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ ಹಿಡಿದು ಮಗಳ ಮುಂದೆ ಬಾಗಿದ. “ತಗೋ ಮಗಳೇ.”

ನೆರಿ ಕೈ ಚಾಚಲಿಲ್ಲ. ಅಪ್ಪ ಏನೇ ಕೊಟ್ಟರೂ ನರ್ಸನ್ನು ಕೇಳದೆ ಬಾಯಿಗೆ ಹಾಕಬಾರದೆಂದು ಒಂದು ವಾರ, ಹಗಲೆಲ್ಲ, ಒಬ್ಬರಾದ ಮೇಲೆ ಒಬ್ಬರು ಅವಳಿಗೆ ಹೇಳಿದ್ದರು. ಒಳ್ಳೆಯ ಹುಡುಗಿ, ಹೇಳಿದ್ದನ್ನು ಕೇಳುತ್ತಾಳೆ.

“ಸೀನಾ, ತಗೋಬಹುದಾ?”

“ತಗೋ ಕಂದಾ,” ಅಂದಳು ಸೀನಾ.

ಆಮೇಲೆ ನೆರಿ ಮಾತ್ರೆ ನುಂಗಿದಳು. ಬಾಯಿ ತೆರೆದು, ನಾಲಿಗೆ ಎತ್ತಿ, ನುಂಗಿದ್ದೇನೆಂದು ಸೀನಾಗೆ ತೋರಿಸಿದಳು. ಕ್ಲೆಮ್ ಖಾಲಿ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದ.