ಮುಗಿಸಲು ಮನಸ್ಸು ಬಾರದ ಕಂಬಳಿ

ಆ ಚಳಿಗಾಲದಲ್ಲಿ ನಾನು ಮೂರು ತಿಂಗಳು ದೆಹಲಿ ಪಕ್ಕದ ಇಂದಿರಾಪುರಂನ ಹನ್ನೊಂದನೇ ಮಹಡಿಯಿಂದ ಕೆಳಗೆ ಇಳಿಯಲಿಲ್ಲ. ಇಳಿಯಲಾಗಲಿಲ್ಲ ಎನ್ನುವುದೇ ಸರಿ. ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಮುರಿದು ಒಳಗೆ ರಾಡ್ ಹಾಕಿದ್ದರು. ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದವನು ನಾನು. ಹಿಮದಲ್ಲಿ ಬೀಳಲಿಲ್ಲ, ಮರಳಿನಲ್ಲಿ ಬೀಳಲಿಲ್ಲ. ನಿವೃತ್ತನಾಗಿ ಐದು ವರ್ಷವಾದ ಮೇಲೆ ನಮ್ಮದೇ ಸೊಸೈಟಿಯ ಮೆಟ್ಟಿಲಲ್ಲಿ, ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಬಿದ್ದೆ. ಈ ವಿಷಯ ಹಳೆಯ ಜೊತೆಗಾರರಿಗೆ ಹೇಳುವಾಗ ಸೊಪ್ಪಿನ ಸುದ್ದಿ ಬಿಟ್ಟೇ ಹೇಳುತ್ತೇನೆ.

ನಮ್ಮ ಟವರಿಗೆ ಎರಡು ಲಿಫ್ಟ್. ದೊಡ್ಡದು ದೀಪಾವಳಿಯಿಂದ ಕೆಟ್ಟು ನಿಂತಿತ್ತು, ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದ್ದರು. ಚಿಕ್ಕದರೊಳಗೆ ಗಾಲಿಕುರ್ಚಿ ಹೋಗುತ್ತಿರಲಿಲ್ಲ. ಕಾಲಿನ ಮೇಲೆ ಭಾರ ಬಿಡಲೇಬಾರದೆಂದು ಡಾಕ್ಟರ್ ಹೇಳಿದ್ದರು. ಹೊರಗೆ ಹೊಗೆ ಕವಿದಿದ್ದರಿಂದ ಕಿಟಕಿಗಳೂ ಬಂದ್. ಬಾಲ್ಕನಿಗೆ ಪಾರಿವಾಳ ಬಾರದಂತೆ ಬಲೆ. ಆ ಬಲೆಯ ಚೌಕಗಳಾಚೆ ಎದುರಿನ ಟವರಿನವರು ಒಣಹಾಕಿದ ಬಟ್ಟೆಗಳು ಕಾಣುತ್ತಿದ್ದವು, ಅಷ್ಟೇ. ಯಾರ ಮನೆಯಲ್ಲಿ ಯಾವ ದಿನ ಬೆಡ್‌ಶೀಟ್ ಒಗೆಯುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ನನ್ನ ಹೆಂಡತಿ ಹತ್ತಿರದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಟೀಚರ್. ಬೆಳಿಗ್ಗೆ ಏಳಕ್ಕೆ ಹೊರಟರೆ ಮೂರಕ್ಕೆ ಬರುತ್ತಿದ್ದಳು. ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ. ಮನೆಕೆಲಸದ ದೀದಿ ಒಂಬತ್ತಕ್ಕೆ ಬಂದು ಹನ್ನೊಂದಕ್ಕೆ ಹೋದರೆ ಮಿಕ್ಕ ಹೊತ್ತು ನಾನು ಮತ್ತು ಟೀವಿ. ಟೀವಿಯವರ ಕಿರುಚಾಟಕ್ಕೆ ತಲೆ ಚಿಟ್ಟು ಹಿಡಿದು ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿಗೆ ಇಳಿದೆ. ಲಿಫ್ಟಿನ ವಿಷಯಕ್ಕೆ ಸೆಕ್ರೆಟರಿಯ ಜೊತೆ ಎಷ್ಟು ಜಗಳವಾಡಿದೆನೆಂದರೆ, ಒಂದು ದಿನ ಹೆಂಡತಿಯೇ ನನ್ನ ಫೋನ್ ತೆಗೆದುಕೊಂಡು ಆ ಗುಂಪನ್ನು ಮ್ಯೂಟ್ ಮಾಡಿಟ್ಟಳು. ಸಿಟ್ಟು ಬಂತು. ಸಿಟ್ಟು ಮಾಡಿಕೊಂಡು ಎದ್ದು ಹೋಗೋಣವೆಂದರೆ ಏಳುವಂತಿರಲಿಲ್ಲ.

ಆ ದಿನಗಳಲ್ಲೇ ಅವಳು ಆ ಮಾತು ಹೇಳಿದ್ದು. ಡೆಹ್ರಾಡೂನ್‌ನಿಂದ ಇನ್ನೂ ಮೇಲಿನ ಬೆಟ್ಟದಲ್ಲಿ ಒಂದು ವಸತಿ ಶಾಲೆ. ಅಲ್ಲಿ ಸಣ್ಣ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಬೇಕಾಗಿದ್ದರು. ಎರಡು ವರ್ಷದ ಕೆಲಸ, ಇರಲು ಕೋಣೆ. ಜನವರಿ ಮುಗಿಯುವುದರೊಳಗೆ ಉತ್ತರ ಹೇಳಬೇಕು, ಫೆಬ್ರವರಿ ಕೊನೆಯಲ್ಲಿ ಹೋಗಿ ಸೇರಬೇಕು. ಕುಕ್ಕರಿನ ಮುಚ್ಚಳ ತೆಗೆಯುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಅಚ್ಛಾ," ಅಂದೆ. ಆಮೇಲೆ, "ನೋಡೋಣ," ಅಂದೆ.

ನಮ್ಮ ಮನೆಯಲ್ಲಿ ನಾನು ನೋಡೋಣ ಅಂದರೆ ಬೇಡ ಎಂದರ್ಥ. ಅದು ಅವಳಿಗೂ ಗೊತ್ತು. ಅವಳು ಅನ್ನ ಬಡಿಸಿದಳು.

ನನಗೆ ಭಯವಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಇವಳು ಹೋದರೆ ಈ ಗೂಡಿನಲ್ಲಿ ನನ್ನ ಗತಿ ಏನು ಎಂಬ ಒಂದೇ ಪ್ರಶ್ನೆ ಬೆಳಗಿನಿಂದ ಸಂಜೆಯವರೆಗೆ ತಲೆ ತಿನ್ನುತ್ತಿತ್ತು. ಹೋಗದಿದ್ದರೆ ಅವಳ ಗತಿ ಏನು ಎಂಬ ಪ್ರಶ್ನೆಯೂ ಒಂದಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಬಿಸಿನೀರಿನ ಚೀಲ ಹುಡುಕಲು ದೀದಿಯ ಕೈಯಲ್ಲಿ ಮಂಚದ ಪೆಟ್ಟಿಗೆ ತೆಗೆಸಿದೆ. ಚೀಲದ ಬದಲು ಒಂದು ದಿಂಬಿನ ಕವರ್ ಸಿಕ್ಕಿತು, ಅದರ ತುಂಬ ಉಣ್ಣೆಯ ಉಂಡೆಗಳು. ಒಂದೊಂದೂ ನಿಂಬೆಹಣ್ಣಿನಿಂದ ಮೂಸಂಬಿಯವರೆಗಿನ ಗಾತ್ರ. ಅವು ಏನೆಂದು ನನಗೆ ಕೂಡಲೇ ತಿಳಿಯಿತು. ಸೇನೆಯ ಕ್ವಾರ್ಟರ್ಸ್‌ಗಳ ಹೆಂಗಸರಲ್ಲಿ ಒಂದು ಪದ್ಧತಿಯಿದೆ. ಸ್ವೆಟರ್ ಹೆಣೆದು ಮಿಕ್ಕ ಉಣ್ಣೆಯನ್ನು ಎಸೆಯುವುದಿಲ್ಲ. ಗಂಡಸಿನ ಸ್ವೆಟರ್ ಮೊದಲು ಸವೆಯುವುದು ಮೊಣಕೈಯಲ್ಲಿ. ಅದಕ್ಕೆ ತೇಪೆ ಹಾಕಲು ಅದೇ ಬಣ್ಣದ, ಅದೇ ಸಲ ತಂದ ಉಣ್ಣೆ ಬೇಕು. ಆದ್ದರಿಂದ ಸ್ವೆಟರ್ ಇರುವ ತನಕ ಅದರ ಉಂಡೆಯೂ ಇರಬೇಕು. ನನ್ನ ಸ್ವೆಟರುಗಳೆಲ್ಲ ಎಂದೋ ಯಾರ ಯಾರ ಪಾಲಾಗಿದ್ದವು. ಉಂಡೆಗಳು ಮಾತ್ರ ಉಳಿದಿದ್ದವು.

ಹಾಸಿಗೆಯ ಮೇಲೆ ಸುರಿದು ನೋಡಿದೆ. ಬೂದು, ಸಾಸಿವೆ, ಮರೂನ್, ಪಾಚಿ ಹಸಿರು, ಎರಡು ಮೂರು ತರಹದ ನೀಲಿ. ಮದುವೆಯಾದ ಮೇಲೆ ನನ್ನ ನೌಕರಿ ಇಪ್ಪತ್ತೆರಡು ವರ್ಷ ನಡೆಯಿತು. ಅದರಲ್ಲಿ ಅವಳ ಜೊತೆ ಇದ್ದದ್ದು ಆರು ವರ್ಷವೂ ಇಲ್ಲ. ಹೋದಲ್ಲಿಗೆಲ್ಲ ಚಳಿಗೆ ಮೊದಲು ಒಂದು ಪಾರ್ಸೆಲ್ ಬರುತ್ತಿತ್ತು, ಒಳಗೆ ಹೊಸ ಸ್ವೆಟರ್. ಬ್ಯಾರಕ್ಕಿನಲ್ಲಿ ಎಲ್ಲರಿಗೂ ತೋರಿಸಿ ಮೆರೆಯುತ್ತಿದ್ದೆ. ಈಗ ಆ ಉಂಡೆಗಳ ಮುಂದೆ ಕೂತಾಗ ಕಣ್ಣು ತುಂಬಿ ಬಂತು. ನೋಡು, ಅವಳ ಪ್ರೀತಿಯೆಲ್ಲ ಇಲ್ಲೇ ಇದೆ ಅಂದುಕೊಂಡೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಒಂದು ಉಪಾಯವೂ ಹೊಳೆಯಿತು. ಇವನ್ನೆಲ್ಲ ಸೇರಿಸಿ ನಾನೇ ಒಂದು ಕಂಬಳಿ ಹೆಣೆದು ಕೊಡಬೇಕು. ಅದನ್ನು ಹೊದ್ದುಕೊಂಡ ಹೆಂಗಸು ನನ್ನನ್ನು ಬಿಟ್ಟು ಬೆಟ್ಟಕ್ಕೆ ಹೇಗೆ ಹೋಗುತ್ತಾಳೆ?

ಉಡುಗೊರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಲಂಚ.

ಹೆಣಿಗೆ ಕಲಿಸಿದವಳು ದೀದಿ. ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ನೆಲದ ಮೇಲೆ ಕೂತು, ಕಡ್ಡಿಗೆ ಕುಣಿಕೆ ಏರಿಸುವುದನ್ನು ತೋರಿಸಿದಳು. ನಾನು ದಾರವನ್ನು ಎಳೆದು ಎಳೆದು ಬಿಗಿದೆ, ಎರಡನೇ ಸಾಲಿಗೆ ಕಡ್ಡಿಯೇ ಒಳಗೆ ಹೋಗಲೊಲ್ಲದು.

"ಸಾಬ್, ಇದೇನು ಬಂದೂಕ್ ಅಲ್ಲ, ಢೀಲಾ ಛೋಡೋ," ಎಂದು ನನ್ನ ಬೆರಳು ಸಡಿಲಿಸಿದಳು. ನಮ್ಮ ಮನೆಯಲ್ಲಿ ಕೆಲಸ ಮಾಡಿ ಮಾಡಿ ಅವಳಿಗೆ ನಾಲ್ಕು ಕನ್ನಡ ಮಾತು ಬರುತ್ತಿತ್ತು. ಅದನ್ನು ನನ್ನನ್ನು ಹಂಗಿಸಲೆಂದೇ ಇಟ್ಟುಕೊಂಡಿದ್ದಳು.

ಸುಲಭದ ಒಂದೇ ಹೆಣಿಗೆ ಕಲಿತೆ. ಅದನ್ನೇ ಹೋಗುತ್ತಾ ಬರುತ್ತಾ ಹೆಣೆಯುವುದು. ಒಂದು ಉಂಡೆ ಮುಗಿದರೆ ಇನ್ನೊಂದರ ದಾರ ಗಂಟು ಹಾಕುವುದು. ದಪ್ಪ ಉಣ್ಣೆ, ತೆಳು ಉಣ್ಣೆ ಎಂದು ನಾನು ನೋಡಲಿಲ್ಲ. ಅದರಿಂದಾಗಿ ಕಂಬಳಿ ಒಂದು ಕಡೆ ಅಗಲ, ಒಂದು ಕಡೆ ಸಪೂರ ಆಗಿ, ಅಂಚು ಹಾವಿನ ಹಾಗೆ ಹರಿದಾಡಿತು. ಮಧ್ಯಾಹ್ನ ಮೂರಕ್ಕೆ ಬಾಗಿಲಲ್ಲಿ ಕೀಲಿಯ ಸದ್ದಾದರೆ ಎಲ್ಲವನ್ನೂ ರಜಾಯಿಯ ಕೆಳಗೆ ತುರುಕುತ್ತಿದ್ದೆ. ಒಮ್ಮೆ ಕಡ್ಡಿ ತೊಡೆಗೆ ಚುಚ್ಚಿ ಜೀವ ಬಾಯಿಗೆ ಬಂದರೂ ನಗುಮುಖದಲ್ಲೇ ಚಹಾ ಕುಡಿದೆ.

ಜನವರಿಯ ನಡುವಿಗೆ ಕಂಬಳಿ ಒಬ್ಬರು ಹೊದೆಯುವಷ್ಟು ಆಯಿತು. ದೀದಿ ಕೊನೆಯ ಸಾಲನ್ನು ಮುಚ್ಚುವುದು ಹೇಗೆಂದು ತೋರಿಸಿಕೊಟ್ಟಳು. ಒಂದು ಕುಣಿಕೆಯನ್ನು ಇನ್ನೊಂದರ ಮೇಲಿಂದ ದಾಟಿಸಿ ಕಡ್ಡಿಯಿಂದ ಬಿಡುವುದು. ನಾನು ಹೂಂ ಎಂದು ತಲೆಯಾಡಿಸಿ, ಅವಳು ಹೋದ ಮೇಲೆ ಮತ್ತೆ ಹತ್ತು ಸಾಲು ಹೆಣೆದೆ. ಮಾರನೆಯ ದಿನ ಮತ್ತೆ ಹತ್ತು. ಮುಗಿಸಿದರೆ ಕೊಡಬೇಕು. ಕೊಟ್ಟರೆ ಕೇಳಬೇಕು. ಕೇಳಿದರೆ ಅವಳು ಏನಾದರೊಂದು ಹೇಳುತ್ತಾಳೆ. ಹೆಣೆಯುತ್ತಿರುವಷ್ಟು ಕಾಲ ಅವಳು ಮೂರಕ್ಕೆ ಸರಿಯಾಗಿ ಮನೆಗೆ ಬರುತ್ತಾಳೆ. ಕಂಬಳಿ ನನ್ನ ಕಾಲಿನಿಂದ ಇಳಿದು ನೆಲ ಮುಟ್ಟಿತು. "ಯಾರಿಗೆ ಸಾಬ್, ಆನೆಗಾ?" ಎಂದಳು ದೀದಿ.

ಕೊನೆಗೆ ಉಣ್ಣೆಯೇ ಮುಗಿದುಹೋಯಿತು. ಮರೂನ್ ಉಂಡೆಯಲ್ಲಿ ಒಂದು ಸಾಲು ಮುಚ್ಚಲು ಬೇಕಾಗುವಷ್ಟೇ ದಾರ ಇತ್ತು. ಮುಚ್ಚಿದೆ.

ಮಾರನೆಯ ದಿನ ಭಾನುವಾರ. ಬಹಳ ದಿನದ ಮೇಲೆ ಬಿಸಿಲು ಬಿದ್ದಿತ್ತು. ಅವಳು ಬಾಲ್ಕನಿಯಲ್ಲಿ ಬೆತ್ತದ ಸ್ಟೂಲಿನ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ವಾಕರ್ ಹಿಡಿದು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಹೋಗಿ ಅವಳ ಮಡಿಲಿಗೆ ಹಾಕಿದೆ.

"ಇದೇನ್ರೀ?"

"ನಾನೇ ಹೆಣೆದದ್ದು."

ಅವಳು ಎಣ್ಣೆಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಬಿಡಿಸಿ ಹರಡಿದಳು. ಬಣ್ಣದಿಂದ ಬಣ್ಣಕ್ಕೆ ಬೆರಳು ಆಡಿಸಿದಳು. ಈಗ ಅಳುತ್ತಾಳೆ ಎಂದು ನಾನು ಕಾದೆ.

"ಈ ನೀಲಿ ನೀವು ಮೊದಲನೇ ಸಲ ಬಾರ್ಡರಿಗೆ ಹೋದಾಗಿಂದು," ಅಂದಳು.

"ಹೌದು. ನನಗೂ ನೆನಪಿದೆ."

"ಈ ಬೂದು ಮಗಳಿಗೆ ನ್ಯುಮೋನಿಯಾ ಆದ ವರ್ಷದ್ದು. ಆಸ್ಪತ್ರೆ ಬೆಂಚಿನ ಮೇಲೆ ಕೂತು ತೋಳು ಮುಗಿಸಿದೆ. ಈ ಸಾಸಿವೆ ಅಪ್ಪ ತೀರಿಕೊಂಡಾಗಿನದು. ಮಗೂನ ಎತ್ತಿಕೊಂಡು ಎರಡು ದಿನ ರೈಲಲ್ಲಿ ಹೋದೆ. ಸೋಮವಾರಪೇಟೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡೋಕೆ ಸಿಗಲಿಲ್ಲ."

ಆ ಸಾಸಿವೆ ಬಣ್ಣದ ಸ್ವೆಟರ್ ಹಾಕಿಕೊಂಡು ತೆಗೆಸಿದ ಫೋಟೊ ನನ್ನ ಹತ್ತಿರ ಈಗಲೂ ಇದೆ. ಅದರಲ್ಲಿ ಹಲ್ಲು ಬಿಟ್ಟು ನಗುತ್ತಿದ್ದೇನೆ.

"ರೀ, ನೀವು ರಿಟೈರ್ ಆಗಿ ಬಂದ ಮೇಲೆ ನಾನು ಒಂದು ಸಾಲಾದ್ರೂ ಹೆಣೆದದ್ದು ನೋಡಿದ್ದೀರಾ?"

ಯೋಚಿಸಿದೆ. ಐದು ಚಳಿಗಾಲ ಕಳೆದಿತ್ತು. ಒಂದು ಟೋಪಿ ಕೂಡ ಹೆಣೆದಿರಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ.

"ನನಗೆ ಉಣ್ಣೆ ಕಂಡ್ರೆ ಆಗಲ್ಲ," ಅಂದಳು. "ಆಗ ಕೈಗೆ ಏನಾದ್ರೂ ಒಂದು ಬೇಕಿತ್ತು, ಇಲ್ಲದಿದ್ರೆ ತಲೆ ಕೆಟ್ಟುಹೋಗ್ತಿತ್ತು. ಕ್ವಾರ್ಟರ್ಸಲ್ಲಿ ನಾವೆಲ್ಲ ಅದಕ್ಕೇ ಹೆಣೀತಿದ್ವಿ. ಎಲ್ಲಿಗೂ ಹೋಗೋ ಹಾಗಿರಲಿಲ್ಲ. ಫೋನ್ ಬಂದ್ರೆ ತಪ್ಪಿಹೋಗುತ್ತೆ ಅಂತ ಮಾರ್ಕೆಟ್ಟಿಗೆ ಹೋದವಳು ಓಡಿ ಬರ್ತಿದ್ದೆ. ನೀವು ಮೂರು ತಿಂಗಳು ಒಳಗೆ ಕೂತು ಊರವರ ಜೊತೆಗೆಲ್ಲ ಜಗಳ ತೆಗೆದ್ರಿ. ಆಗ ನಾನು ಯಾರ ಜೊತೆ ತೆಗೀಬೇಕಿತ್ತು?"

"ಪ್ರೀತಿಯಿಂದ ಹೆಣೀತಿದ್ದೀಯ ಅಂದ್ಕೊಂಡಿದ್ದೆ."

"ಅದೂ ಇತ್ತು," ಅಂದಳು. "ಅದೊಂದೇ ಅಂತ ನೀವು ತಿಳ್ಕೊಂಡ್ರಿ."

ಅಲ್ಲಿಗೆ ಸುಮ್ಮನಾಗಬೇಕಿತ್ತು. ನನಗೆ ಅಷ್ಟು ಬುದ್ಧಿ ಎಲ್ಲಿ? ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಮಾತು ಆಗಲೇ ಹೊರಬಿತ್ತು. "ಹೋಗಬೇಡ. ನನ್ನ ಕೈಲಿ ಒಬ್ಬನೇ ಇರೋಕಾಗಲ್ಲ."

"ನಾನು ಸೋಮವಾರವೇ ಹೂಂ ಅಂತ ಹೇಳಿಬಿಟ್ಟಿದ್ದೀನಿ."

"ನನ್ನನ್ನ ಒಂದು ಮಾತು ಕೇಳದೆ?"

ಅವಳ ದನಿ ಏರಲಿಲ್ಲ. ಕಂಬಳಿಯನ್ನು ಮಡಿಸುತ್ತಾ ಹೇಳಿದಳು. "ನೀವು ಯಾವತ್ತು ಕೇಳಿದ್ರಿ? ಪೋಸ್ಟಿಂಗ್ ಬಂತು ಅಂತ ಬಂದು ಹೇಳ್ತಿದ್ರಿ. ನಾನೂ ಹೇಳ್ತಾ ಇದ್ದೀನಿ. ಪೋಸ್ಟಿಂಗ್ ಬಂತು."

ನಾಲ್ಕು ದಿನ ಮುಖ ಗಂಟಿಕ್ಕಿಕೊಂಡಿದ್ದೆ. ಸರ್ಕಾರಿ ಆರ್ಡರಿಗೂ ನಿನ್ನ ಇಷ್ಟಕ್ಕೂ ಒಂದೇನಾ ಎಂದು ಮನಸ್ಸಿನಲ್ಲೇ ವಾದಿಸಿದೆ. ಎರಡೆರಡು ಸಲ ದೂರದ ಪೋಸ್ಟಿಂಗನ್ನು ನಾನೇ ಬರೆದು ಕೇಳಿ ಪಡೆದಿದ್ದೆ ಎಂಬುದು ನೆನಪಾದಾಗ ವಾದ ನಿಂತುಹೋಯಿತು. ಅದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಅವಳು ನನ್ನ ಸಿಟ್ಟು ಇಳಿಯಲೆಂದು ಕಾಯಲಿಲ್ಲ, ತನ್ನ ಪಾಡಿಗೆ ಎಲ್ಲ ವ್ಯವಸ್ಥೆ ಮಾಡಿದಳು. ದೀದಿ ಎರಡು ಹೊತ್ತು ಅಡುಗೆ ಮಾಡಲು ಒಪ್ಪಿದಳು. ಮಗಳು ಒಂದು ವಾರ ಬಂದಿರುತ್ತೇನೆ ಎಂದಳು. ಫೆಬ್ರವರಿಯಲ್ಲಿ ಡಾಕ್ಟರ್, ಮನೆಗೇ ಬಂದು ತೆಗೆದ ಎಕ್ಸ್‌ರೇ ನೋಡಿ, ಮನೆಯೊಳಗೆ ವಾಕರ್ ಹಿಡಿದು ಎರಡೂ ಕಾಲೂರಿ ನಡೆಯಬಹುದು ಎಂದರು. ಕಂಬಳಿಯನ್ನು ಅವಳು ನನ್ನ ಹಾಸಿಗೆಯ ಮೇಲೆ ಹಾಸಿದಳು. "ತಗೊಂಡು ಹೋಗು, ಅಲ್ಲಿ ಬೇಕಾಗುತ್ತೆ," ಅಂದರೆ, "ಬೇಡ, ಅಲ್ಲಿ ನಾನು ಹೊಸದೊಂದು ಕೊಂಡ್ಕೊಳ್ತೀನಿ," ಅಂದಳು.

ಹೊರಡುವ ದಿನ ಬೆಳಿಗ್ಗೆ ಕೆಳಗೆ ಟ್ಯಾಕ್ಸಿ ಬಂದು ನಿಂತಿತ್ತು. ಅವಳ ಸೂಟ್‌ಕೇಸ್ ಚಿಕ್ಕ ಲಿಫ್ಟಿನೊಳಗೆ ಸಲೀಸಾಗಿ ಹಿಡಿಸಿತು. ಹೊಸ ಶೂ ಹಾಕಿದ್ದಳು. ಮುಖದಲ್ಲಿ ಗಾಬರಿಯೂ ಇತ್ತು, ನಾನು ಎಷ್ಟೋ ವರ್ಷದಿಂದ ಕಾಣದ ಒಂದು ಲವಲವಿಕೆಯೂ ಇತ್ತು. ನಾನು ವಾಕರ್ ಊರಿಕೊಂಡು ಬಾಗಿಲವರೆಗೆ ಬಂದೆ. ಹೊಸ್ತಿಲು ದಾಟುವ ಧೈರ್ಯ ಕಾಲಿಗೆ ಇನ್ನೂ ಬಂದಿರಲಿಲ್ಲ.

"ಮತ್ತೆ ಯಾವಾಗ ಬರ್ತೀಯ?" ಎಂದು ಕೇಳಿದೆ.

"ರಜೆ ಸಿಕ್ಕಾಗ," ಅಂದಳು.

ಲಿಫ್ಟಿನ ಬಾಗಿಲು ಮುಚ್ಚಿತು. ಆ ಉತ್ತರ ನನ್ನದು. ಇಪ್ಪತ್ತೆರಡು ವರ್ಷ, ಟ್ರಂಕ್ ಎತ್ತಿಕೊಂಡು ಹೊರಟಾಗಲೆಲ್ಲ, ಇದೇ ಪ್ರಶ್ನೆಗೆ ನಾನು ತಿರುಗಿಯೂ ನೋಡದೆ ಹೇಳುತ್ತಿದ್ದ ಉತ್ತರ. ಅದನ್ನು ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿರುವುದು ಹೇಗಿರುತ್ತದೆ ಎಂದು ನನಗೆ ಐವತ್ತಮೂರನೇ ವಯಸ್ಸಿನಲ್ಲಿ ಗೊತ್ತಾಯಿತು.